ಮೇಲಿಂದ ಹಾಕಿದ ಅನ್ನ

ನನ್ನ ಕೆಲಸಕ್ಕೆ ಎರಡು ನಿಯಮ. ರೂಮಿನಲ್ಲಿ ಯಾರು ಏನೇ ಅಂದರೂ ಅದನ್ನೆಲ್ಲ ಹೇಳಬೇಕು, ಒಂದು ಮಾತನ್ನೂ ಬಿಡುವ ಹಾಗಿಲ್ಲ. ಇದು ಒಂದು. ಅವರು ‘ನಾನು’ ಅಂದರೆ ನಾನೂ ‘ನಾನು’ ಅನ್ನಬೇಕು. ಇದು ಎರಡು. ‘ಈಕೆಗೆ ತಲೆನೋವಂತೆ’ ಅನ್ನುವಂತಿಲ್ಲ, ‘ನನಗೆ ತಲೆನೋವು’ ಅನ್ನಬೇಕು. ವಾರಕ್ಕೆ ಎರಡು ಮೂರು ಕಡೆ ಹೋಗಿ ಕಂಡವರ ತಲೆನೋವನ್ನೆಲ್ಲ ನನ್ನದೇ ಅಂತ ಹೇಳಿ ಬರುತ್ತಿದ್ದೆ. ನನ್ನ ತಲೆನೋವು ಕೇಳುವವರು ಯಾರೂ ಇರಲಿಲ್ಲ, ಇರಲಿ.

ಅದಕ್ಕೆ ದುಭಾಷಿ ಅನ್ನುತ್ತಾರೆ. ದೊಡ್ಡ ಹೆಸರು. ಅದೊಂದರಿಂದ ಹೊಟ್ಟೆ ತುಂಬುವುದಿಲ್ಲ. ಬೆಳಗ್ಗೆ ಐದೂವರೆಗೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ಮಿಷನ್ ವ್ಯಾಲಿಯ ಒಂದು ಹೋಟೆಲಿನ ಲಾಂಡ್ರಿಗೆ ಹೋಗುತ್ತಿದ್ದೆ. ಡ್ರೈಯರಿನಿಂದ ಬಿಸಿಬಿಸಿ ತೆಗೆದ ಚಾದರದ ಎರಡು ತುದಿ ನಾನು, ಎರಡು ತುದಿ ಇನ್ನೊಬ್ಬಳು. ಎಳೆ, ಮಡಚು, ಇಡು. ಮಧ್ಯಾಹ್ನ ಒಂದರ ಹೊತ್ತಿಗೆ ಭುಜ ನನ್ನದಲ್ಲ ಅನ್ನಿಸುತ್ತಿತ್ತು. ಬ್ಲೀಚ್ ಕೈಯ ಚರ್ಮ ತಿಂದಿತ್ತು. ಆಮೇಲೆ ಕೈ ತೊಳೆದು, ಒಂದು ಒಳ್ಳೆಯ ಕುರ್ತಾ ಹಾಕಿ, ಕೊರಳಿಗೆ ಬ್ಯಾಡ್ಜ್ ತೂಗುಬಿಟ್ಟುಕೊಂಡು ಮಾತಿನ ಕೆಲಸಕ್ಕೆ ಹೋಗುವುದು. ಹಿಂದಿಗೇ ಹೆಚ್ಚು ಕರೆಯುತ್ತಿದ್ದರು. ಕನ್ನಡಕ್ಕೆ ಕರೆ ಬಂದದ್ದು ಎರಡು ಸಾವಿರದ ಎಂಟರ ಏಪ್ರಿಲ್‌ನಲ್ಲಿ, ಅದೇ ಮೊದಲು, ಅದೇ ಕೊನೆ.

ನನ್ನ ಹೆಸರು ಕಲಾವತಿ. ಹುನಗುಂದ ತಾಲೂಕು. ಊರಿನ ಹೆಸರು ಕೇಳಿದವರಿಗೆ ಹೇಳುತ್ತಿದ್ದೆ, ಯಾವ ಕೇರಿ ಅಂತ ಮಾತ್ರ ಸ್ಯಾನ್ ಡಿಯಾಗೋದಲ್ಲಿ ಯಾರಿಗೂ ಹೇಳಿರಲಿಲ್ಲ. ಗಂಡನ ಹೆಸರು ಇಂದುಧರ, ಶಾಲೆಗೆ ಸೇರಿಸುವಾಗ ಮಾಸ್ತರರು ಇಟ್ಟದ್ದು. ಆ ಹೆಸರು ಕೇಳಿದ ಕನ್ನಡದ ಮಂದಿ ನಮ್ಮನ್ನು ತಮ್ಮವರೇ ಅಂದುಕೊಂಡರು. ನಾವು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಹಾಗೇ ಏಳು ವರ್ಷ ಕಳೆಯಿತು. ಏಳು ವರ್ಷ ಬಾಯಿ ಮುಚ್ಚಿಕೊಂಡಿರುವುದೂ ಒಂದು ದುಡಿಮೆ. ಚಾದರ ಮಡಚುವುದಕ್ಕಿಂತ ಅದು ಹೆಚ್ಚು ದಣಿಸುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ.

ಇಂದುಧರರ ಕೆಲಸ ಎರಡು ಸಲ ಹೋಗಿತ್ತು. ಎರಡನೆಯ ಸಲ ಸೊರೆಂಟೊ ವ್ಯಾಲಿಯ ತಮ್ಮ ಕಂಪನಿಯಲ್ಲಿ ಜಾಗ ಕೊಡಿಸಿದವರು ಸಿದ್ಧಲಿಂಗೇಶ. ಅಲ್ಲಿ ದೊಡ್ಡ ಮ್ಯಾನೇಜರು. ‘ನಮ್ಮ ಮಂದಿ’ ಅಂತ ಕೊಡಿಸಿದರು. ನಮ್ಮ ಗ್ರೀನ್ ಕಾರ್ಡಿನ ಅರ್ಜಿ ನಿಂತಿದ್ದೂ ಅದೇ ಕಂಪನಿಯ ಮೇಲೆ. ಸಿದ್ಧಲಿಂಗೇಶರ ಹೆಂಡತಿ ಜಯದೇವಿ. ಆಗೆಲ್ಲ ನಾನೂ ಜಯದೇವಿಯವರು ಅನ್ನುತ್ತಿದ್ದೆ. ಈಗ ಬಾಯಿಗೆ ಬರುವುದಿಲ್ಲ.

ಅವರ ಮನೆಯಲ್ಲಿ ಒಬ್ಬ ಹುಡುಗಿ ಇದ್ದಳು. ಅಮೆರಿಕದ ಕಾಗದದಲ್ಲಿ ಅವಳು ಸಿದ್ಧಲಿಂಗೇಶರ ಅಣ್ಣನ ಮಗಳು, ಹೆಸರು ವೈಶಾಲಿ. ಕನ್ನಡದ ಮಂದಿಯ ಹತ್ತಿರ ಜಯದೇವಿ ಬೇರೆ ಹೇಳುತ್ತಿದ್ದಳು. ‘ಊರಿಂದ ಕರಕೊಂಡ ಬಂದೇವ್ರಿ, ಕೈಯಾಸರಕ್ಕ.’ ಹದಿಮೂರು ವರ್ಷದ ಹುಡುಗಿ ಹೇಗೆ ಬಂದಳು, ಯಾವ ಕಾಗದದ ಮೇಲೆ ಬಂದಳು ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಓದಿದವರು, ವೀಸಾ ಕಾನೂನು ಬಾಯಿಪಾಠ ಬರುವವರು. ನಾನೂ ಕೇಳಲಿಲ್ಲ.

ಅವಳನ್ನು ಹತ್ತಿರದಿಂದ ನೋಡಿದ್ದು ಕ್ಯಾಲಬಾಸಸ್‌ನಲ್ಲಿ, ಹಿಂದಿನ ವರ್ಷದ ಶ್ರಾವಣದಲ್ಲಿ. ನಾಲ್ಕು ಗಾಡಿಯಲ್ಲಿ ಮೂರು ತಾಸು ಡ್ರೈವ್ ಮಾಡಿಕೊಂಡು ಗುಡಿಗೆ ಹೋಗಿದ್ದೆವು. ದರ್ಶನ ಮುಗಿಸಿ ಎಲ್ಲರೂ ನೆರಳಿನಲ್ಲಿ ಡಬ್ಬಿ ಬಿಚ್ಚಿದರು. ಹುಡುಗಿ ಪಾರ್ಕಿಂಗ್ ಲಾಟಿನಲ್ಲಿ ಜಯದೇವಿಯ ವ್ಯಾನಿನೊಳಗೇ ಇದ್ದಳು. ‘ಆಕಿಗೆ ವಾಂತಿ ಆಗತೈತಿ, ಅಲ್ಲೇ ಇರಲಿ,’ ಅಂದಳು ಜಯದೇವಿ. ಆಮೇಲೆ, ‘ಕಲಾವತಿ, ಎರಡ ಸೌಟ ಅನ್ನ ಆಕಿಗೆ ಹಾಕಿ ಬರ್ರೀ,’ ಅಂದಳು.

ಪುಳಿಯೋಗರೆಯ ಪಾತ್ರೆ ಹಿಡಿದು ಹೋದೆ. ಹುಡುಗಿ ವ್ಯಾನಿನಿಂದ ಇಳಿದಳು. ಸೀಟಿನ ಕೆಳಗಿಂದ ಒಂದು ಸ್ಟೀಲಿನ ತಾಟು ತೆಗೆದಳು. ಅದನ್ನು ನನ್ನ ಕೈಗೆ ಕೊಡಲಿಲ್ಲ. ನೆಲದ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ನಮ್ಮಜ್ಜಿ ಗೌಡರ ಅಂಗಳದಲ್ಲಿ ಹೀಗೇ ತಾಟು ಇಟ್ಟು ಹೀಗೇ ಸರಿದು ನಿಲ್ಲುತ್ತಿದ್ದಳು. ನಾನು ಅವಳ ಸೆರಗು ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದೆ. ಹುಡುಗಿ ಯಾರು, ಯಾವ ಕೇರಿಯವಳು, ಎಲ್ಲ ಆ ಎರಡು ಹೆಜ್ಜೆಯಲ್ಲೇ ತಿಳಿಯಿತು. ಬಗ್ಗಿ ತಾಟು ಎತ್ತಿಕೊಂಡು ಬಡಿಸಬಹುದಿತ್ತು. ಆದರೆ ಜಯದೇವಿ ಆಚೆಯಿಂದ ನೋಡುತ್ತಿದ್ದಳು. ನಾನು ಬಗ್ಗಿದರೆ, ಇವಳಿಗೆ ಹೇಸಿಗೆ ಯಾಕಿಲ್ಲ ಅಂತ ಅವಳಿಗೆ ಅನುಮಾನ ಬಂದರೆ? ಇಂದುಧರರ ಕೆಲಸ? ನಾನು ಬಗ್ಗಲಿಲ್ಲ. ಸೌಟು ಎತ್ತಿ ಹಿಡಿದು ಮೇಲಿಂದ ಹಾಕಿದೆ. ಅರ್ಧ ತಾಟಿಗೆ ಬಿತ್ತು, ಅರ್ಧ ಟಾರಿಗೆ ಬಿತ್ತು. ಹುಡುಗಿ ಕೂತು ಟಾರಿನ ಮೇಲಿನದನ್ನೇ ಮೊದಲು ಆರಿಸಿ ತಿಂದಳು. ನನ್ನ ಮುಖ ನೋಡಲಿಲ್ಲ. ನಾನು ವಾಪಸ್ ಬಂದು ನೆರಳಿನಲ್ಲಿ ಕೂತು ಊಟ ಮಾಡಿದೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತುಂಬ ಊಟ ಮಾಡಿದೆ.

ಏಪ್ರಿಲ್‌ನಲ್ಲಿ ದುಭಾಷಿಗಳನ್ನು ಕಳಿಸುವ ಏಜೆನ್ಸಿಯಿಂದ ಫೋನು. ಸಿಟಿ ಹೈಟ್ಸ್‌ನ ಒಂದು ಕ್ಲಿನಿಕ್ಕು, ಹೊರದೇಶದಿಂದ ಬಂದ ಹರೆಯದ ಮಕ್ಕಳ ಮನಸ್ಸಿಗೆ ಚಿಕಿತ್ಸೆ ಕೊಡುವ ಜಾಗ. ಹದಿನೈದರ ಹುಡುಗಿ, ಕನ್ನಡ. ನಾನು ಹೋದಾಗ ಹೊರಗಿನ ಕುರ್ಚಿಗಳಲ್ಲಿ ಸೊಮಾಲಿಯಾದ ಇಬ್ಬರು ಅಕ್ಕತಂಗಿಯರು, ಇರಾಕಿನ ಒಬ್ಬ ಹುಡುಗ ಮತ್ತು ಅವನ ತಾಯಿ ಕೂತಿದ್ದರು. ಮೂಲೆಯಲ್ಲಿ ಜಯದೇವಿ ಕೂತಿದ್ದಳು. ಅವಳ ಪಕ್ಕದ ಕುರ್ಚಿ ಖಾಲಿ. ಹುಡುಗಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು.

‘ಅಯ್ಯ, ನೀವೇನ್ರೀ!’ ಅಂದಳು ಜಯದೇವಿ. ‘ನಮ್ಮವರ ಬಂದ್ರಲ್ಲ. ಭಾಳ ಚಲೋ ಆತು.’

ಚಿಕಿತ್ಸೆ ಕೊಡುವವಳು ಲೂಸಿಯಾ, ಚೂಲಾ ವಿಸ್ತಾದ ಹೆಣ್ಣುಮಗಳು. ಅವಳ ಅಪ್ಪ ಅಮ್ಮ ಮೆಕ್ಸಿಕೋದಿಂದ ಬಂದು ಸ್ಟ್ರಾಬೆರಿ ಹೊಲದಲ್ಲಿ ಬೆನ್ನು ಬಗ್ಗಿಸಿದವರು. ಒಂದು ಮಗು ಹೋಗಿ ಇನ್ನೊಂದು ಬರುವ ನಡುವೆ ಎರಡು ಬಿಸ್ಕೀಟು ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಅದೇ ಅವಳ ಊಟ. ಈ ಕುಟುಂಬ ನನಗೆ ಗೊತ್ತು ಅಂತ ಮೊದಲೇ ಅವಳಿಗೆ ಹೇಳಿದೆ. ಕನ್ನಡಕ್ಕೆ ಬೇರೆ ಯಾರೂ ಇಲ್ಲ, ಮನೆಯವರು ಒಪ್ಪಿದರೆ ಸರಿ ಅಂದಳು. ಜಯದೇವಿ ಒಪ್ಪದೆ ಏನು?

ಲೂಸಿಯಾ ಶಾಲೆಯವರು ಬರೆದು ಕಳಿಸಿದ್ದನ್ನು ಓದಿದಳು. ನೆರೆಯವರು ಕೇಳತೊಡಗಿದ ಮೇಲೆ ಹುಡುಗಿಯನ್ನು ಶಾಲೆಗೆ ಹಾಕಿದ್ದರು. ಅಲ್ಲಿ ಆರು ತಿಂಗಳಾದರೂ ಅವಳು ಬಾಯಿ ಬಿಟ್ಟಿರಲಿಲ್ಲ. ಊಟದ ಹೊತ್ತಿಗೆ ಯಾರ ಜೊತೆಗೂ ಮೇಜಿಗೆ ಕೂರುವುದಿಲ್ಲ. ಟ್ರೇ ಹಿಡಿದುಕೊಂಡು ಕಸದ ಡಬ್ಬಿಗಳ ಆಚೆ, ಬೇಲಿಯ ಹತ್ತಿರ ನೆಲಕ್ಕೆ ಕೂರುತ್ತಾಳೆ. ಎಲ್ಲರೂ ಉಂಡು ಎದ್ದ ಮೇಲೆ ಉಣ್ಣುತ್ತಾಳೆ. ತಿಂದು ಬಿಸಾಡುವ ಟ್ರೇಯನ್ನು ನೀರಿನ ನಲ್ಲಿಯಲ್ಲಿ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ, ಮರುದಿನ ಅದನ್ನೇ ಒಯ್ಯುತ್ತಾಳೆ. ಮಕ್ಕಳು ಫೋನಿನಲ್ಲಿ ಅವಳ ಫೋಟೋ ಹೊಡೆದು ಹಂಚಿ ನಕ್ಕಿದ್ದಾರೆ. ಚಿಕಿತ್ಸೆಗೆ ಕಳಿಸದಿದ್ದರೆ ಕೌಂಟಿಗೆ, ಅಂದರೆ ಜಿಲ್ಲೆಯ ಸರ್ಕಾರಕ್ಕೆ, ತಿಳಿಸಬೇಕಾಗುತ್ತದೆ ಅಂತ ಶಾಲೆಯವರು ಹೆದರಿಸಿದ್ದರಿಂದಲೇ ಜಯದೇವಿ ಕರೆತಂದಿದ್ದಳು. ಕೊನೆಗೆ ಕಾಗದದಲ್ಲಿ ಒಂದು ಸಾಲು: ಹೊಸ ದೇಶದಲ್ಲಿ ಈ ಹುಡುಗಿಗೆ ತಾನು ಯಾರೆಂದು ಗುರುತಿಸಿಕೊಳ್ಳುವುದು ಕಷ್ಟವಾಗುತ್ತಿದೆ.

ಅದನ್ನು ಕನ್ನಡದಲ್ಲಿ ಹುಡುಗಿಗೆ ಹೇಳುವಾಗ ನನ್ನ ನಾಲಿಗೆ ತಡವರಿಸಿತು. ಕಷ್ಟ ಅದಲ್ಲ ತಾಯಿ, ಅಂತ ಲೂಸಿಯಾಳಿಗೆ ಮನಸ್ಸಿನಲ್ಲೇ ಅಂದೆ. ಅವಳು ಯಾರು ಅಂತ ಅವಳಿಗೆ ಹುಟ್ಟಿದಾಗಿನಿಂದ ದಿನಾ ಹೇಳಿಕೊಟ್ಟಿದ್ದಾರೆ, ಅವಳು ಕಲಿತಿದ್ದಾಳೆ. ನಿಮ್ಮ ನಲ್ಲಿಯ ಹತ್ತಿರವೂ ಮರೆತಿಲ್ಲ.

‘ಇದು ಯಾಕಿರಬಹುದು?’ ಅಂತ ಲೂಸಿಯಾ ಕೇಳಿದಳು. ಜಯದೇವಿ ಒಳ್ಳೆಯ ಇಂಗ್ಲಿಷಿನಲ್ಲಿ ತಾನೇ ಉತ್ತರ ಕೊಟ್ಟಳು. ನಮ್ಮ ಸಂಸ್ಕೃತಿಯಲ್ಲಿ ಸ್ವಚ್ಛತೆ ಜಾಸ್ತಿ, ಹೆಣ್ಣುಮಕ್ಕಳಿಗೆ ನಾಚಿಕೆ ಜಾಸ್ತಿ. ಹೇಳಿ ಹುಡುಗಿಯ ಕಡೆ ತಿರುಗಿ ನಕ್ಕು, ‘ಸುಮ್ಮ ಕುಂದ್ರು. ಏನ ಕೇಳಿದ್ರೂ ಹೂಂ ಅನ್ನು, ಸಾಕು,’ ಅಂದಳು.

ಏನಂದರು ಅಂತ ಲೂಸಿಯಾ ನನ್ನ ಕಡೆ ನೋಡಿದಳು. ‘ಹೆದರಬೇಡ ಅಂತ ಸಮಾಧಾನ ಹೇಳಿದರು,’ ಅಂದೆ. ಮೊದಲ ನಿಯಮ ಅಲ್ಲೇ ಮುರಿಯಿತು. ಹುಡುಗಿ ನನ್ನನ್ನು ಒಂದು ಗಳಿಗೆ ನೋಡಿದಳು. ಅವಳಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು.

ಹೊರಗೆ ಕಾರಿನ ಹತ್ತಿರ ಜಯದೇವಿ ನನ್ನ ಕೈ ಹಿಡಿದಳು. ಹುಡುಗಿಯನ್ನು ಎರಡು ವರ್ಷದಲ್ಲಿ ಮುಟ್ಟದ ಕೈ, ನನ್ನನ್ನು ಹಿಡಿಯಿತು. ‘ಬ್ಯಾರೆ ಯಾರರ ಬಂದಿದ್ರ ಮನೀ ಮಾತೆಲ್ಲ ಬೀದೀಗೆ ಬರ್ತಿತ್ತು ನೋಡ್ರಿ. ಹಾಂ, ಇಂದುಧರ ಅವರದ ಈ ವರ್ಷ ಪರ್ಮನೆಂಟ್ ಮಾಡಬೇಕಂತ ನಮ್ಮನಿಯವರು ಅನ್ನಾಕತ್ತಿದ್ರು.’ ಥೂ, ಅಂತ ಮನಸ್ಸಿನಲ್ಲಿ ಅಂದುಕೊಂಡೆ. ಬಾಯಲ್ಲಿ ‘ಥ್ಯಾಂಕ್ಸ್ ರೀ’ ಅಂದೆ.

ಎರಡನೆಯ ವಾರ ಲೂಸಿಯಾ ಒಂದು ಹಾಳೆ ಕೊಟ್ಟಳು. ನಡುವೆ ಒಂದು ದೊಡ್ಡ ವೃತ್ತ. ಅದರೊಳಗೆ ನಿನ್ನ ಹೆಸರು ಬರೆ, ಸುತ್ತಲೂ ನಿನಗೆ ಹತ್ತಿರದವರ ಹೆಸರು ಬರೆ ಅಂದಳು. ಹುಡುಗಿ ಪೆನ್ಸಿಲ್ ಹಿಡಿದು ಹತ್ತು ನಿಮಿಷ ಸುಮ್ಮನೆ ಕೂತಳು. ಆಗ ನಾನು ಅವಳ ಬೆರಳು ನೋಡಿದೆ. ತುದಿ ಬೆಳ್ಳಗೆ, ಗೆಣ್ಣಿನ ಮೇಲೆ ಚರ್ಮ ಸೀಳಿತ್ತು. ಬ್ಲೀಚಿನ ಕೈ ನನಗೆ ಗೊತ್ತು, ನನ್ನ ತೊಡೆಯ ಮೇಲೆ ಅಂಥವೇ ಎರಡು ಕೈ ಇದ್ದವು. ಆದರೆ ನನಗೆ ಮೂವತ್ತೆಂಟು. ಅವಳಿಗೆ ಹದಿನೈದು.

‘ಬರಿ, ವೈಶಾಲಿ ಅಂತ ಬರಿ,’ ಅಂದಳು ಜಯದೇವಿ. ಹುಡುಗಿ ಬರೆದಳು. ಬರೆದು, ರಬ್ಬರು ತೆಗೆದುಕೊಂಡು ಅಳಿಸತೊಡಗಿದಳು. ಅಕ್ಷರ ಹೋದ ಮೇಲೂ ಅಳಿಸಿದಳು. ಹಾಳೆ ಹರಿದು ತೂತಾಗಿ ಕೆಳಗಿನ ಮೇಜು ಕಾಣುವವರೆಗೂ ಅಳಿಸಿದಳು. ಲೂಸಿಯಾ ತಡೆಯಲಿಲ್ಲ. ಹೊರಡುವಾಗ ನನ್ನೊಬ್ಬಳನ್ನೇ ನಿಲ್ಲಿಸಿ ಕೇಳಿದಳು, ‘ಆ ಆಂಟಿ ಈ ಮಗುವನ್ನು ಒಂದು ಸಲವೂ ಮುಟ್ಟುವುದಿಲ್ಲ, ನೋಡಿದೆಯಾ? ನಿಮ್ಮ ಕಡೆ ಹಾಗೇನಾ?’

‘ಒಬ್ಬೊಬ್ಬರು ಒಂದೊಂದು ಥರ,’ ಅಂದು ಓಡಿ ಬಂದೆ. ಬಸ್ಸಿನಲ್ಲಿ ಕೂತು ಅತ್ತೆ. ಹೋಟೆಲಿನ ಚಾದರದ ವಾಸನೆ ನನ್ನ ಮೈಯಿಂದಲೇ ಬರುತ್ತಿತ್ತು.

ಆ ಸಂಜೆ ಇಂದುಧರ ಅಕ್ಕಿ ತೊಳೆಯುತ್ತಿದ್ದಾಗ ಎಲ್ಲ ಹೇಳಿದೆ, ಶ್ರಾವಣದ ಪಾರ್ಕಿಂಗ್ ಲಾಟಿನದನ್ನೂ ಸೇರಿಸಿ. ಅವರು ತೊಳೆಯುವುದನ್ನು ನಿಲ್ಲಿಸಲಿಲ್ಲ.

‘ನನಗ ಗೊತ್ತೈತಿ ಕಲಾ,’ ಅಂದರು. ‘ಅವರ ಮನೀಗೆ ಹೋದಾಗ ನೋಡೇನಿ. ಗ್ಯಾರೇಜಿನ್ಯಾಗ ಆಕಿ ತಾಟು, ಲೋಟ ಬ್ಯಾರೆ ಇರ್ತಾವು. ಗೊತ್ತಾಗಿ ಏನ್ ಮಾಡ್ಲಿ? ನಲವತ್ತೆರಡು ವಯಸ್ಸು. ಮತ್ತ ಹೊಸದಾಗಿ ಮೊದಲಿಂದ ಶುರು ಮಾಡು ಅಂದ್ರ ನನ್ನ ಕಡಿಂದ ಆಗಂಗಿಲ್ಲ. ದಣದೇನಿ.’

‘ನಾ ದಣಿದಿಲ್ಲೇನ್ರಿ?’

‘ನೀನೂ ದಣದೀ. ಅದಕ್ಕ ಅನ್ನಾಕತ್ತೇನಿ, ಸುಮ್ಮ ಇರು.’

ಅವರ ಮೇಲೆ ಸಿಟ್ಟು ಬರಲಿಲ್ಲ. ಅವರ ಬೆನ್ನು ನೋಡುತ್ತ ನಿಂತಿದ್ದೆ. ನಮ್ಮಪ್ಪನೂ ಗೌಡರ ಮುಂದೆ ಹೀಗೇ ಬೆನ್ನು ಬಗ್ಗಿಸಿ ನಿಲ್ಲುತ್ತಿದ್ದ. ಇಲ್ಲಿ ಗೌಡರಿಲ್ಲ, ಅಂಗಳವಿಲ್ಲ, ಆದರೂ ಬೆನ್ನು ಬಗ್ಗಿದ್ದು ಬಗ್ಗಿದ ಹಾಗೇ ಇದೆ. ನೀರು ಅಳೆದು ಹಾಕಿ ಕುಕ್ಕರಿನ ಮುಚ್ಚಳ ಹಾಕಿದೆ.

ಮೂರನೆಯ ವಾರ ಲೂಸಿಯಾ ಹುಡುಗಿಯ ಜೊತೆ ಒಂಟಿಯಾಗಿ ಮಾತಾಡಬೇಕು ಅಂದಳು. ಜಯದೇವಿ ಏಳಲಿಲ್ಲ. ‘ಅವಳಿಗೆ ಭಯವಾಗುತ್ತದೆ, ನಾನು ಇರಲೇಬೇಕು,’ ಅಂದಳು. ಲೂಸಿಯಾ ಹುಡುಗಿಯ ಕೈ ತೋರಿಸಿ ಕೇಳಿದಳು, ‘ಇದು ಏನಾಗಿದೆ?’

‘ಚರ್ಮದ ಅಲರ್ಜಿ,’ ಅಂತ ಜಯದೇವಿ.

‘ನಾನು ಕೇಳಿದ್ದು ಅವಳನ್ನು,’ ಅಂತ ಲೂಸಿಯಾ.

ನಾನು ಕನ್ನಡದಲ್ಲಿ ಕೇಳಿದೆ. ಹುಡುಗಿಯ ತುಟಿ ಅಲುಗಿತು. ಆಗ ಜಯದೇವಿ ಅವಳ ಕಡೆ ಬಾಗಿದಳು. ಮುಖದ ತುಂಬ ನಗು. ಮಗುವಿಗೆ ತುತ್ತು ತಿನ್ನಿಸುವವಳ ಧ್ವನಿ.

‘ಬಾಯಿ ಬಿಟ್ಟೀ ಅಂದ್ರ ನೋಡ ಮಲ್ಲಿ. ನಿಮ್ಮವ್ವ ಊರಾಗ ನಮ್ಮ ಹಿತ್ತಲದಾಗ ಅದಾಳ. ನಾ ಒಂದ ಫೋನ್ ಮಾಡಿದೆ ಅಂದ್ರ ಸಂಜೀಗೆ ಆಕಿ ಬೀದ್ಯಾಗ.’ ಅದೇ ನಗು ನನ್ನ ಕಡೆ ತಿರುಗಿತು. ‘ಕಲಾವತಿಯವರ, ಇದನ್ನೇನ ಹೇಳಬ್ಯಾಡ್ರಿ. ಮನೀ ಮಾತು.’

ಲೂಸಿಯಾ ಕಾದಳು. ಅವಳು ಕಂಡದ್ದು ನಗು ಮಾತ್ರ. ಹುಡುಗಿ ನನ್ನನ್ನು ನೋಡಲಿಲ್ಲ, ತೂತು ಬೀಳಿಸುವ ಹಾಗೆ ನೆಲ ನೋಡುತ್ತಿದ್ದಳು. ನನ್ನಿಂದ ಅವಳಿಗೆ ಏನೂ ಬೇಕಿರಲಿಲ್ಲ. ನಾನು ಯಾರು ಅಂತ ಅವಳು ಯಾವತ್ತೋ ಲೆಕ್ಕ ಮುಗಿಸಿದ್ದಳು. ಅದೇ ನನಗೆ ತಡೆಯಲಾಗಲಿಲ್ಲ. ಭುಜ ನೋಯುತ್ತಿತ್ತು. ಸುಳ್ಳನ್ನು ಹುಡುಕಿ ಇಂಗ್ಲಿಷಿನಲ್ಲಿ ಜೋಡಿಸುವಷ್ಟು ಶಕ್ತಿಯೂ ಉಳಿದಿರಲಿಲ್ಲ. ನಿಜ ಹೇಳುವುದು ಸುಲಭ ಅನ್ನಿಸಿತು, ನಿಯಮವೂ ಅದೇ ಇತ್ತು.

ಹೇಳಿದೆ. ಇಂಗ್ಲಿಷಿನಲ್ಲಿ, ಒಂದೊಂದೇ ಮಾತು. ನೀನು ಬಾಯಿ ಬಿಟ್ಟರೆ ನೋಡು ಮಲ್ಲಿ. ನಿನ್ನ ತಾಯಿ ಊರಲ್ಲಿ ನಮ್ಮ ಹಿತ್ತಲಲ್ಲಿದ್ದಾಳೆ. ನಾನು ಒಂದು ಫೋನ್ ಮಾಡಿದರೆ ಸಂಜೆಗೆ ಅವಳು ಬೀದಿಯಲ್ಲಿ. ಜಯದೇವಿಯ ‘ನಾನು’ವನ್ನು ನನ್ನ ಬಾಯಿಂದ ಆಡಬೇಕಾಯಿತು, ಆ ಬೆದರಿಕೆ ನಾನೇ ಹಾಕಿದ ಹಾಗೆ. ಆಡಿದೆ. ಕಲಾವತಿಯವರೇ, ಇದನ್ನು ಹೇಳಬೇಡಿ, ಮನೆಯ ಮಾತು. ಅದನ್ನೂ ಬಿಡಲಿಲ್ಲ.

ಜಯದೇವಿಯ ಮುಖ ಬಿಳುಪಾಯಿತು. ‘ಏನ್ರೀ ಇದು? ತಲೀ ಕೆಟ್ಟೈತೇನ್ ನಿಮಗ?’ ಅಂದಳು. ಅದನ್ನೂ ಹೇಳಿದೆ. ‘ನೀವ ನಮ್ಮವರು ಅಂತ ತಿಳದಿದ್ನಲ್ಲ!’ ಅದನ್ನೂ ಹೇಳಿದೆ. ‘ಬಾಯಿ ಮುಚ್ಚ್!’ ಅಂತ ಚೀರಿದಳು. ಅದನ್ನೂ ಲೂಸಿಯಾಳಿಗೆ ಇಂಗ್ಲಿಷಿನಲ್ಲಿ, ಮೆತ್ತಗೆ, ಬಿಡದೆ ಹೇಳಿದೆ.

ಲೂಸಿಯಾ ಎದ್ದು ಬಾಗಿಲು ತೆರೆದಳು. ‘ನೀವು ಹೊರಗೆ ಕಾಯಬೇಕು. ಇಲ್ಲದಿದ್ದರೆ ಈಗಲೇ ಪೊಲೀಸರನ್ನು ಕರೆಯುತ್ತೇನೆ.’

ಜಯದೇವಿ ಬ್ಯಾಗು ಎತ್ತಿಕೊಂಡಳು. ‘ಮಲ್ಲೀ, ಏಳು. ನಡಿ ಮನೀಗೆ.’

ಹುಡುಗಿ ಏಳಲಿಲ್ಲ.

‘ಏಳ ಅಂದ್ನಿ!’

ಹುಡುಗಿ ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದಳು. ಗೆಣ್ಣಿನ ಸೀಳು ಬಿಟ್ಟು ರಕ್ತ ಜಿನುಗಿತು. ‘ಒಲ್ಲೆ,’ ಅಂದಳು. ಎರಡು ವರ್ಷದಲ್ಲಿ ಅಮೆರಿಕ ಕೇಳಿದ ಅವಳ ಮೊದಲ ಮಾತು ಅದು. ‘ನಾ ಬರಂಗಿಲ್ಲ.’

‘ನಾನು ಬರುವುದಿಲ್ಲ,’ ಅಂದೆ ನಾನು ಇಂಗ್ಲಿಷಿನಲ್ಲಿ. ಅಷ್ಟು ಜೋರಾಗಿ ಆ ಭಾಷೆಯನ್ನು ನಾನು ಯಾವತ್ತೂ ಆಡಿರಲಿಲ್ಲ. ಜಯದೇವಿ ಗಂಡನಿಗೆ ಫೋನು ಹಚ್ಚುತ್ತ ಹೊರಗೆ ಹೋದಳು.

ಆಮೇಲೆ ಹುಡುಗಿ ಮಾತಾಡಿದಳು. ನೆಲ ನೋಡಿಕೊಂಡೇ, ಸಪ್ಪೆಯಾಗಿ, ಯಾರದ್ದೋ ಸುದ್ದಿ ಹೇಳುವವಳ ಹಾಗೆ.

‘ನಾ ಮಲ್ಲವ್ವ. ವೈಶಾಲಿ ಅನ್ನೂದು ಅವರ ಪಾಸ್‌ಪೋರ್ಟಿನ ಹೆಸರು. ಗ್ಯಾರೇಜಿನ್ಯಾಗ ಮಲಗ್ತೇನಿ, ಬಿಸಿನೀರಿನ ಟಾಕಿ ಬಾಜೂಕ. ಸಾಲೀಗೆ ಹೋಗೂ ಮುಂಚೆ ಮೂರು ಪಾಯಿಖಾನಿ ತೊಳೀಬೇಕು. ಬಂದ ಮ್ಯಾಲ ಅರಿವಿ, ನೆಲ, ಅಂಗಳ. ಅಡಗೀ ಮನೀ ಒಳಗ ನಾ ಹೋಗಂಗಿಲ್ಲ. ನನ್ನ ತಾಟು ಹೊರಗ ಗ್ವಾಡೀ ಮ್ಯಾಲ. ತೊಳದ ಬೋರಲ ಹಾಕಬೇಕು. ಸಾಲ್ಯಾಗೂ ಹಂಗ ಮಾಡಬೇಕು ಅಂತ ತಿಳದಿದ್ದೆ. ಬ್ಯಾಡ ಅಂತ ಯಾರೂ ಹೇಳಲಿಲ್ಲ.’

ಎಲ್ಲವನ್ನೂ ‘ನಾನು’ ಅಂತಲೇ ಹೇಳಿದೆ. ನಾನು ಗ್ಯಾರೇಜಿನಲ್ಲಿ ಮಲಗುತ್ತೇನೆ. ನನ್ನ ತಾಟು ಹೊರಗಿದೆ. ಲೂಸಿಯಾಳ ಪೆನ್ನು ನಿಂತಿತು. ‘ಯಾಕೆ? ಯಾಕೆ ನಿನಗೆ ಬೇರೆ ತಾಟು?’

‘ನಾ ಹೊಲಗೇರಿಯಾಕಿ ಅಲ್ಲೇನ್ರೀ,’ ಅಂದಳು ಮಲ್ಲವ್ವ. ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ ಆಗ ಮೊದಲ ಸಲ ತಲೆ ಎತ್ತಿದಳು.

ನಾನು ಬಾಯಿ ತೆರೆದೆ. ‘ನಾನು ಹೊಲಗೇರಿಯವಳು,’ ಅಂದೆ. ಹದಿನೈದು ವರ್ಷದ ಹುಡುಗಿಯ ಮಾತನ್ನು ಇಂಗ್ಲಿಷಿಗೆ ಹಾಕಿದ್ದೆ, ಅಷ್ಟೇ. ನನ್ನ ಕಿವಿಗೆ ನನ್ನ ಧ್ವನಿ ಬಿತ್ತು. ಏಳು ವರ್ಷ ಅಲ್ಲ, ಊರು ಬಿಟ್ಟಾಗಿನಿಂದ, ಹದಿನೇಳು ವರ್ಷದಿಂದ ಆಡದ ಮಾತು. ಹಾಗಂದರೇನು ಅಂತ ಲೂಸಿಯಾ ಕೇಳಿದಳು. ದುಭಾಷಿ ತನ್ನ ಸ್ವಂತ ಮಾತು ಆಡಬೇಕಾದರೆ ‘ದುಭಾಷಿ ಹೇಳುತ್ತಿದ್ದಾಳೆ’ ಅಂತ ಮೊದಲು ಹೇಳಬೇಕು. ಹೇಳಿದೆ. ದುಭಾಷಿ ಹೇಳುತ್ತಿದ್ದಾಳೆ: ಊರಿನ ಹೊರಗೆ ಒಂದು ಕೇರಿ ಇರುತ್ತದೆ. ಆ ಕೇರಿಯವರನ್ನು ಊರಿನವರು ಮುಟ್ಟುವುದಿಲ್ಲ. ಹೆಣ ಹೊರಲು, ಚರಂಡಿ ಬಳಿಯಲು ಕರೆಯುತ್ತಾರೆ, ತಾಟು ಬೇರೆ ಇಡುತ್ತಾರೆ. ವಿಮಾನ ಹತ್ತಿ ಬಂದರೂ ಆ ತಾಟನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಬರುತ್ತಾರೆ. ದುಭಾಷಿ ಇದನ್ನು ಬಲ್ಲಳು. ದುಭಾಷಿಯೂ ಆ ಕೇರಿಯವಳೇ.

ಲೂಸಿಯಾ ಅಳಲಿಲ್ಲ, ನನ್ನ ಕೈ ಹಿಡಿಯಲಿಲ್ಲ. ಒಳ್ಳೆಯದಾಯಿತು. ಫೋನು ಎತ್ತಿ ಕೌಂಟಿಗೆ ಮಾಡಿದಳು. ಮಲ್ಲವ್ವ ನನ್ನನ್ನೇ ನೋಡುತ್ತಿದ್ದಳು. ಆ ನೋಟ ಯಾಕೆ ಹಾಗಿತ್ತು ಅಂತ ಆಗ ನನಗೆ ತಿಳಿಯಲಿಲ್ಲ.

ಮಲ್ಲವ್ವನನ್ನು ಅವತ್ತೇ ಕೌಂಟಿಯ ಮಕ್ಕಳ ವಸತಿಗೆ ಒಯ್ದರು. ಜಯದೇವಿಯೂ ತನ್ನ ಫೋನು ಮಾಡಿದಳು. ವಾರದೊಳಗೆ ಊರಿನಲ್ಲಿ ಮಲ್ಲವ್ವನ ತಾಯಿಯ ಪಾತ್ರೆಪಗಡ ಹೊರಗೆ ಬಿದ್ದವು. ಅವಳು ಇಳಕಲ್ಲಿನ ತಮ್ಮನ ಮನೆಗೆ ಹೋದಳು. ಏಜೆನ್ಸಿಯವರು ನನ್ನ ಹೆಸರು ತೆಗೆದರು, ರೂಮಿನಲ್ಲಿ ಸ್ವಂತ ಮಾತು ಆಡಿದ್ದೆನಂತೆ. ಎರಡು ವಾರ ಸುಳ್ಳು ಹೇಳಿದಾಗ ತೆಗೆಯಲಿಲ್ಲ. ಸಿದ್ಧಲಿಂಗೇಶರ ವಕೀಲ ‘ಸಾಂಸ್ಕೃತಿಕ ತಪ್ಪು ತಿಳಿವಳಿಕೆ’ ಅಂತ ಬರೆದು ಕೊಟ್ಟ. ಕೇಸು ಇನ್ನೂ ನಡೆಯುತ್ತಿದೆ, ಗಂಡ ಹೆಂಡತಿ ಅದೇ ಮನೆಯಲ್ಲಿದ್ದಾರೆ. ಕನ್ನಡದ ಮಂದಿಯಿಂದ ಒಂದಿಷ್ಟು ಫೋನು ಬಂದವು. ಮನೆಯ ಮಾನ ಬೀದಿಗೆ ತಂದೆ ಅಂದರು. ಗ್ಯಾರೇಜಿನ ಬಗ್ಗೆ ಒಬ್ಬರೂ ಮಾತೆತ್ತಲಿಲ್ಲ. ಅಕ್ಟೋಬರಿನಲ್ಲಿ ಇಂದುಧರರ ಕೆಲಸ ಹೋಯಿತು. ಮಾರುಕಟ್ಟೆ ಬಿದ್ದಿದೆ, ಅದಕ್ಕೆ ಅಂದರು. ಇಂದುಧರ ಡಬ್ಬಿ ಹೊತ್ತುಕೊಂಡು ಮನೆಗೆ ಬಂದು, ಬೂಟು ಬಿಚ್ಚಿ, ‘ಇನ್ನ ಆ ಮನಿಯವರ ಮುಂದ ನಗೂದು ತಪ್ಪಿತು,’ ಅಂದರು. ನಾವು ಇಲ್ಲಿ ಇರುತ್ತೇವೋ ಹೊರಡುತ್ತೇವೋ ಇನ್ನೂ ಗೊತ್ತಿಲ್ಲ.

ನವೆಂಬರಿನಲ್ಲಿ ಲೂಸಿಯಾ ಅನುಮತಿ ಕೊಡಿಸಿದಳು. ಮಲ್ಲವ್ವನನ್ನು ನೋಡಲು ಹೋದೆ. ಬುತ್ತಿ ಕಟ್ಟಿಕೊಂಡಿದ್ದೆ, ಮೊಸರನ್ನ, ಶೇಂಗಾ ಚಟ್ನಿ. ಉದ್ದನೆಯ ಊಟದ ಕೋಣೆ, ಮೇಜುಗಳು, ಆಚೆ ಮೇಜಿನಲ್ಲಿ ನಾಲ್ಕು ಮಕ್ಕಳು. ಮಲ್ಲವ್ವ ಸ್ವಲ್ಪ ದಪ್ಪಗಾಗಿದ್ದಳು. ಕೈ ವಾಸಿಯಾಗಿತ್ತು. ಮೇಜಿಗೇ ಕೂತಳು. ಅದನ್ನು ನೋಡಿ ನನಗೆ ಖುಷಿಯಾಯಿತು. ಎರಡು ತಟ್ಟೆ ಇಟ್ಟು ಬಡಿಸಲು ಹೋದೆ.

ಅವಳು ನನ್ನ ಕೈಯಿಂದ ಸೌಟು ತೆಗೆದುಕೊಂಡಳು.

‘ಅಕ್ಕಾರ, ಗುಡೀ ಮುಂದ, ವ್ಯಾನಿನ ಹತ್ರ, ಅನ್ನ ಹಾಕಿದಾಕಿ ನೀವ ಹೌದಿಲ್ಲೋ?’

‘ಹೌದವ್ವ. ನಾನ.’

‘ನಾ ನಿಮ್ಮ ಪೈಕಿ ಅಂತ ಅವಾಗ ನಿಮಗ ಗೊತ್ತಿತ್ತೇನು?’

ಸುಳ್ಳು ಹೇಳಬಹುದಿತ್ತು. ‘ಗೊತ್ತಿತ್ತು,’ ಅಂದೆ.

ಮಲ್ಲವ್ವ ಸೌಟಿನಲ್ಲಿ ಅನ್ನ ತುಂಬಿಕೊಂಡಳು. ಸಿಟ್ಟು ಇರಲಿಲ್ಲ ಮುಖದಲ್ಲಿ, ದಣಿವು ಇತ್ತು. ಆಮೇಲೆ, ‘ಕೆಳಗ ಕುಂದರ್ರೀ,’ ಅಂದಳು.

ಕುರ್ಚಿಯಿಂದ ಇಳಿದು ನೆಲಕ್ಕೆ ಕೂತೆ. ಆಚೆ ಮೇಜಿನ ಮಕ್ಕಳು ತಿರುಗಿ ನೋಡಿದರು. ತಟ್ಟೆ ಕೊಡುತ್ತಾಳೇನೋ ಅಂದುಕೊಂಡೆ, ಕೊಡಲಿಲ್ಲ. ಎರಡೂ ಅಂಗೈ ಜೋಡಿಸಿ ಚಾಚಿದೆ. ನಮ್ಮಜ್ಜಿ ಚಾಚುತ್ತಿದ್ದ ಹಾಗೇ ಕೈ ತಾನಾಗಿ ಬಂತು. ಮಲ್ಲವ್ವ ನಿಂತು, ಸೌಟು ಎತ್ತಿ, ಮೇಲಿಂದ ಹಾಕಿದಳು. ಅರ್ಧ ಕೈಗೆ ಬಿತ್ತು, ಅರ್ಧ ನನ್ನ ಮಡಿಲಿಗೆ, ನೆಲಕ್ಕೆ.

‘ಉಣ್ರಿ,’ ಅಂದಳು. ‘ಹೆಂಗಿರತೈತಿ, ಗೊತ್ತಾಗ್ಲಿ.’

ನೆಲದ ಮೇಲಿನದನ್ನೇ ಮೊದಲು ಆರಿಸಿ ತಿಂದೆ. ಆಮೇಲೆ ಮಡಿಲಿನದು, ಆಮೇಲೆ ಕೈಯದು. ಮಲ್ಲವ್ವ ಕುರ್ಚಿಯಲ್ಲಿ ಕೂತು, ತನ್ನ ತಟ್ಟೆಗೆ ತಾನೇ ಬಡಿಸಿಕೊಂಡು, ನಿಧಾನವಾಗಿ ಉಂಡಳು. ಚಟ್ನಿ ಇನ್ನೊಂದು ಸಲ ಹಾಕಿಕೊಂಡಳು. ಮುಗಿಸಿ ಕೈ ಒರೆಸಿಕೊಂಡು ಎದ್ದಳು.

‘ಮುಂದಿನ ವಾರ ರೊಟ್ಟಿ ತರ್ರಿ,’ ಅಂದಳು.

ತಟ್ಟೆ ತೊಳೆಯಲಿಲ್ಲ. ಉಂಡ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು, ತಿರುಗಿ ನೋಡದೆ ಹೋದಳು.